ಹೆಸರು ಹೋದ ಮೇಲೂ ಉಳಿದ ಕಚ್ಚು

ಅಥವಾ ಅದು ಬಲಗಾಲೇ ಇದ್ದಿರಬೇಕು. ನನ್ನ ನೆನಪಿನಲ್ಲಿ ನಮ್ಮ ಗಿರಾಕಿ ವೀರೇಶ ಕಟಿಂಗ್ ಟೇಬಲ್ಲಿನ ಅಂಚಿಗೆ ಕೂತಿದ್ದಾನೆ. ಪೋಲಿಯೊದಿಂದ ಸೊರಗಿದ ಕಾಲಿಗೆ ಆಸರೆಯಾಗಿ ಕಟ್ಟುವ ಕ್ಯಾಲಿಪರ್ ಹಾಕಿದ ಬಲಗಾಲು ಮುಂದಕ್ಕೆ ಚಾಚಿದೆ, ಕಿಟಕಿಯ ಬೆಳಕು ಅದರ ಕಬ್ಬಿಣದ ಪಟ್ಟಿಯ ಮೇಲೆ ಬಿದ್ದಿದೆ. ಚಿತ್ರ ಎಷ್ಟು ಸ್ಪಷ್ಟವಾಗಿದೆ ಎಂದರೆ ಅದರ ಮೇಲೆಯೇ ನನಗೆ ಅನುಮಾನ. ಯಾಕೆಂದರೆ ನಾನು ನಿವೃತ್ತಳಾದ ಮೇಲೆ ಅವನು ಸತ್ಯನಾರಾಯಣಪೇಟೆಯ ನಮ್ಮ ಮನೆ ಹುಡುಕಿಕೊಂಡು ಬಂದಾಗ ಕ್ಯಾಲಿಪರ್ ಎಡಗಾಲಿನಲ್ಲಿತ್ತು. ಪೋಲಿಯೊ ಒಂದು ಕಾಲು ಬಿಟ್ಟು ಇನ್ನೊಂದಕ್ಕೆ ಹೋಗುವುದಿಲ್ಲ. ಹಾಗಾದರೆ ಕಾಲು ಬದಲಿಸಿದ್ದು ನಾನು. ನಮ್ಮ ಕೆಲಸದಲ್ಲಿ, ಪ್ಯಾಂಟಿನ ತುಂಡಿನ ಆಕಾರಕ್ಕೆ ಕತ್ತರಿಸಿದ ರಟ್ಟನ್ನು ಮಗುಚಿ ಇಟ್ಟರೆ ಎಡಗಾಲು ಬಲಗಾಲಾಗುತ್ತದೆ. ರಟ್ಟು ಅದೇ, ಗೆರೆಯೂ ಅದೇ. ನೆನಪನ್ನು ಯಾರೋ ಹಾಗೆ ಮಗುಚಿಟ್ಟಿದ್ದಾರೆ.

ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಬರೆಯುವುದರಲ್ಲೂ ಇಂಥ ಮಗುಚಿದ ರಟ್ಟುಗಳು ಇರಬಹುದು.

ಬಳ್ಳಾರಿಯ ಒಂದು ಜೀನ್ಸ್ ಕಾರ್ಖಾನೆಯಲ್ಲಿ, ಆಮೇಲೆ ಅದು ಒಡೆದು ಕುರುಗೋಡಿಗೆ ಹೋದ ಅರ್ಧದಲ್ಲಿ, ನಾನು ಪ್ಯಾಟರ್ನ್ ವಿಭಾಗದಲ್ಲಿದ್ದೆ. ಬಟ್ಟೆ ಕತ್ತರಿಸುವ ಮೊದಲು ಪ್ಯಾಂಟಿನ ಒಂದೊಂದು ತುಂಡಿನ ಆಕಾರವನ್ನೂ ಸಿದ್ಧಮಾಡುವ ಕೆಲಸ. ಮೊದಲು ರಟ್ಟಿನಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಗೆರೆ ಎಳೆಯುವುದನ್ನು ಕಲಿಸುವವರು ಬೇಕಾದಷ್ಟು ಜನ ಇದ್ದಾರೆ. ಎಳೆದ ಗೆರೆಯನ್ನು ಮತ್ತೆ ಹುಡುಕುವುದು ಹೇಗೆಂದು ಯಾರೂ ಕಲಿಸುವುದಿಲ್ಲ. ನನ್ನ ಅರ್ಧ ಆಯುಷ್ಯ ಹೋದದ್ದು ಅದರಲ್ಲಿ.

ಖಾದರ್ ಮಾಸ್ತರರು ನಮ್ಮ ಕಟಿಂಗ್ ಮಾಸ್ತರರು. ಕಂಟೋನ್ಮೆಂಟಿನಿಂದ ಸೈಕಲ್ ಮೇಲೆ ಬರುತ್ತಿದ್ದರು, ಕಿವಿಯ ಹಿಂದೆ ಸದಾ ಸೀಮೆಸುಣ್ಣ. ಕೈ ಚಿನ್ನ, ಬಾಯಿ ಮಾತ್ರ ಯಾರಿಗೂ ಬೇಡ. ತಾವು ತಪ್ಪು ಮಾಡಿದಾಗ ‘ಬಟ್ಟೀನ ಸರಿ ಇಲ್ಲ’ ಅನ್ನುವರು, ಬೇರೆಯವರು ಮಾಡಿದಾಗ ‘ಬಟ್ಟಿ ಏನು ಮಾಡೈತಿ ಪಾಪ’ ಅನ್ನುವರು. ಗೋಡೆಯ ತುಂಬ ಕೊಕ್ಕೆ, ಕೊಕ್ಕೆಯ ತುಂಬ ರಟ್ಟು. ರಟ್ಟಿನ ಮೇಲೆ ಬರೆದ ಹೆಸರು ಕೈ ಬೆವರಿಗೆ ಉಜ್ಜಿ ಹೋಗುತ್ತಿತ್ತು. ಕೊಕ್ಕೆಯಿಂದ ತೆಗೆದವರು ಅದೇ ಕೊಕ್ಕೆಗೆ ಹಾಕುತ್ತಿರಲಿಲ್ಲ. ಆದರೂ ಮಾಸ್ತರರು ತಾವು ಕಷ್ಟಪಟ್ಟು ಮಾಡಿದ ರಟ್ಟನ್ನು ದೂರದಿಂದಲೇ ಗುರುತಿಸುವರು. ಹಿಂಭಾಗದ ತುಂಡಿನ ಅಂಚಿನಲ್ಲಿ, ಹೊಲಿಗೆಯ ಒಳಗೆ ಮುಚ್ಚಿಹೋಗುವ ಕಡೆ, ಕತ್ತರಿಯ ತುದಿಯಿಂದ ಪಕ್ಕಪಕ್ಕದಲ್ಲಿ ಎರಡು ಸಣ್ಣ ಕಚ್ಚು ಹಾಕಿರುತ್ತಿದ್ದರು. ಎರಡನೆಯದು ಸ್ವಲ್ಪ ಓರೆ.

ಅಂಚಿಗೆ ಕಚ್ಚು ಹಾಕುವುದು ನಮ್ಮಲ್ಲಿ ಎಲ್ಲರೂ ಮಾಡುವ ಕೆಲಸವೇ. ಎರಡು ತುಂಡು ಎಲ್ಲಿ ಕೂಡಬೇಕು ಎಂದು ಹೊಲಿಯುವವರಿಗೆ ತೋರಿಸುವ ಗುರುತು ಅದು. ಆದರೆ ಈ ಜೋಡಿಗೆ ಎದುರಿನ ತುಂಡಿನಲ್ಲಿ ಜೊತೆ ಇರಲಿಲ್ಲ. ಕೇಳಿದೆ.

“ಏ ಶಾರದಾ, ಹೆಸರು ಬರದ್ರ ಅಳಿಸಿ ಹೋಗ್ತೈತಿ. ಕೊಕ್ಕಿ ನಂಬಿದ್ರ ಅದೂ ಹೋತು. ಕಚ್ಚು ಎಲ್ಲಿಗೆ ಹೋಗ್ತೈತಿ ಬೇಟಿ? ರಟ್ಟು ಎಲ್ಲಿಗೋ ಅದೂ ಅಲ್ಲಿಗೇ.”

ಕಂಪ್ಯೂಟರ್ ಬಂದಾಗ ನಾನು ಈ ಮಾತು ಮರೆತಿದ್ದೆ. ಎಲ್ಲರೂ ಮರೆತಿದ್ದೆವು.

ರಟ್ಟನ್ನು ಕಂಪ್ಯೂಟರಿಗೆ ಹತ್ತಿಸುವ ಬಗೆ ಹೀಗೆ. ದೊಡ್ಡ ಹಲಗೆಯ ಮೇಲೆ ರಟ್ಟನ್ನು ಅಂಟಿಸಿ, ಕೈಯಲ್ಲಿ ಹಿಡಿದ ಸಾಧನದಿಂದ ಅಂಚಿನ ಒಂದೊಂದು ಬಿಂದುವನ್ನೂ ಒತ್ತುತ್ತ ಹೋಗಬೇಕು. ಪರದೆಯ ಮೇಲೆ ಗೆರೆ ಮೂಡುತ್ತದೆ. ಯಾವ ಕಚ್ಚು ಬೇಕು ಯಾವುದು ಬೇಡ ಎಂದು ತೂಗುವ ಧೈರ್ಯ ನನಗಿರಲಿಲ್ಲ, ಕಂಡದ್ದನ್ನೆಲ್ಲ ಒತ್ತಿದೆ. ಮಾಸ್ತರರು ನನ್ನ ಬೆನ್ನ ಹಿಂದೆ ನಿಂತು ನೋಡುತ್ತಿದ್ದವರು ಇದ್ದಕ್ಕಿದ್ದಂತೆ ಬಗ್ಗಿ, ಪರದೆಗೆ ಬೆರಳು ತಾಗಿಸಿದರು.

“ಅರೇ, ಇದರಾಗ ನಾನೂ ಬಂದೀನಲ್ಲ!”

ಆವತ್ತು ಇಡೀ ದಿನ ಅವರು ಯಾರನ್ನೂ ಬೈಯಲಿಲ್ಲ. ಆದರೆ ಮೌಸನ್ನು ಮಾತ್ರ ಕೊನೆಯವರೆಗೂ ಮುಟ್ಟಲಿಲ್ಲ. “ಇಲಿ ಬಾಲ ಹಿಡಿಯೋ ಕೆಲಸ ನಿಮ್ದು, ಕತ್ರಿ ಹಿಡಿಯೋದು ನಮ್ದು” ಎನ್ನುವರು.

ವೀರೇಶನ ರಟ್ಟು ಹೀಗೆ ಒಳಗೆ ಹೋದದ್ದು. ಅವನು ಸಿರುಗುಪ್ಪ ತಾಲ್ಲೂಕಿನ ರಾರಾವಿಯವನು, ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ತೂಕದ ಗುಮಾಸ್ತ. ರೆಡಿಮೇಡ್ ಪ್ಯಾಂಟು ಹಾಕಿದರೆ ತೊಡೆಯ ಒಳಗಡೆಯ ಹೊಲಿಗೆ ಸರಿಯಾಗಿ ಕ್ಯಾಲಿಪರಿನ ಮೇಲಿನ ಬಳೆಗೂ ಚರ್ಮಕ್ಕೂ ನಡುವೆ ಸಿಕ್ಕಿಕೊಂಡು ಗಾಯವಾಗುತ್ತಿತ್ತು. ದರ್ಜಿಗಳೆಲ್ಲ ಅವನನ್ನು ನಿಲ್ಲಿಸಿ ಅಳತೆ ತೆಗೆದಿದ್ದರು. ಮಾಸ್ತರರು ಟೇಬಲ್ಲಿನ ಮೇಲೆ ಕೂರಿಸಿದರು.

“ನೋವು ಯಾವಾಗ ಬರ್ತೈತಿ? ಕುಂತಾಗೋ ನಿಂತಾಗೋ?”

“ಕುಂತಾಗ್ರಿ.”

“ಮತ್ತ ನಿಂತು ಅಳತಿ ಕೊಟ್ರ ಪ್ಯಾಂಟಿಗೇನು ಕನಸು ಬೀಳ್ತೈತೇನು?”

ಅವನಿಗಾಗಿಯೇ ಎರಡು ಕಾಲಿನ ಆಕಾರ ಬೇರೆಬೇರೆ ಇರುವ ರಟ್ಟು ಮಾಡಿದರು. ಕಚ್ಚು ಹಾಕಿದರು. ಕಂಪ್ಯೂಟರಿನಲ್ಲಿ ಪ್ರತಿ ಫೈಲಿನ ಒಳಗೂ ‘ವಿವರ’ ಎಂಬ ಒಂದು ಖಾಲಿ ಜಾಗ ಇರುತ್ತಿತ್ತು. ಅಲ್ಲಿ ನಾನು ‘ಕ್ಯಾಲಿಪರ್, ರಾರಾವಿ’ ಎಂದು ಬರೆದೆ. ಸುಮ್ಮನೆ ಬರೆದದ್ದು. ಅಂಥದ್ದನ್ನು ಟ್ಯಾಗ್ ಎನ್ನುತ್ತಾರೆ ಎಂದು ಗೊತ್ತಾದದ್ದು ಎಷ್ಟೋ ಕಾಲದ ಮೇಲೆ.

ಆ ಕಾಲದಲ್ಲಿ ನಾವು ನಂಬಿದ್ದು ಫೈಲಿನ ಹೆಸರನ್ನು. ‘ಸ್ಲಿಮ್ ಹೊಸದು’ ಎಂದು ಒಂದು ಫೈಲು. ಅದನ್ನು ತಿದ್ದಿದರೆ ‘ಸ್ಲಿಮ್ ಕೊನೆ’. ಅದನ್ನೂ ತಿದ್ದಿದರೆ ‘ಸ್ಲಿಮ್ ಕೊನೆ ನಿಜ’. ಆಮೇಲೆ ಫೋಲ್ಡರುಗಳನ್ನು ನಂಬಿದೆವು. ಒಂದು ಪ್ಯಾಂಟು ಬಟ್ಟೆಯ ಲೆಕ್ಕದಲ್ಲಿ ಒಂದು ಕಡೆ, ಗಿರಾಕಿಯ ಲೆಕ್ಕದಲ್ಲಿ ಇನ್ನೊಂದು ಕಡೆ ಇರಬೇಕಾಗುತ್ತದೆ. ಫೋಲ್ಡರೂ ಕೊಕ್ಕೆಯ ಹಾಗೆಯೇ, ಒಂದು ರಟ್ಟು ಒಂದೇ ಕೊಕ್ಕೆಗೆ. ಆಗ ಯಾರೋ ಟ್ಯಾಗ್ ಹಾಕುವ ಒಂದು ಪ್ರೋಗ್ರಾಂ ತಂದು ಕೊಟ್ಟರು. ಒಂದು ಫೈಲಿಗೆ ಎಷ್ಟು ಗುರುತು ಬೇಕಾದರೂ ಹಚ್ಚಬಹುದು, ಯಾವ ಗುರುತಿನಿಂದ ಕರೆದರೂ ಅದು ಬಂದು ನಿಲ್ಲುತ್ತದೆ. ತಿಂಗಳುಗಟ್ಟಲೆ ಕೂತು ಹಚ್ಚಿದೆವು. ಆಮೇಲೆ ಡಿಸ್ಕ್ ತುಂಬಿತೆಂದು ಎಲ್ಲವನ್ನೂ ಹೊಸ ಡಿಸ್ಕಿಗೆ ಸಾಗಿಸಿದರು. ಬೆಳಿಗ್ಗೆ ನೋಡಿದರೆ ಒಂದು ಟ್ಯಾಗೂ ಇಲ್ಲ. ಆ ಪ್ರೋಗ್ರಾಂ ಗುರುತನ್ನು ಹಚ್ಚಿದ್ದು ಫೈಲಿಗಲ್ಲ, ಫೈಲಿನ ವಿಳಾಸಕ್ಕೆ. ಬಾಡಿಗೆದಾರ ಮನೆ ಬಿಟ್ಟಿದ್ದಾನೆ, ಅಂಚೆಯವನು ಹಳೆ ಬಾಗಿಲನ್ನೇ ಬಡಿಯುತ್ತಿದ್ದಾನೆ.

ಅದಾದ ಮೇಲೆ ನಾನು ಫೈಲಿನ ಒಳಗಿನ ‘ವಿವರ’ ಎಂಬ ಜಾಗದಲ್ಲಿಯೇ ಎಲ್ಲ ಗುರುತನ್ನೂ ಬರೆಯಲು ಶುರುಮಾಡಿದೆ. ಹೆಸರು ಬದಲಿಸಿ, ಬೇರೆ ಡಿಸ್ಕಿಗೆ ಹಾಕಿ, ಪೆನ್ ಡ್ರೈವಿನಲ್ಲಿ ಊರು ದಾಟಿಸಿ, ಬರೆದದ್ದು ಜೊತೆಗೇ ಹೋಗುತ್ತಿತ್ತು. ಗೆದ್ದೆ ಎಂದುಕೊಂಡೆ. ಅದೂ ಪೂರ್ತಿ ನಿಜವಲ್ಲ. ನಮ್ಮ ಜೀನ್ಸ್ ಬಟ್ಟೆ ಒಗೆದಾಗ ಕುಗ್ಗುತ್ತದೆ, ಅದಕ್ಕಾಗಿ ಪ್ಯಾಟರ್ನಿನಲ್ಲೇ ಉದ್ದ ಹೆಚ್ಚಿಸಿಟ್ಟು, ವಿವರದಲ್ಲಿ ‘ಕುಗ್ಗು ಸೇರಿದೆ’ ಎಂದು ಬರೆಯುತ್ತಿದ್ದೆವು. ಕುಗ್ಗದ ಬಟ್ಟೆಯೊಂದು ಬಂದಾಗ ಯಾರೋ ಆ ಫೈಲನ್ನು ನಕಲು ಮಾಡಿ, ಉದ್ದ ಕಡಿಮೆ ಮಾಡಿ, ವಿವರವನ್ನು ಹಾಗೇ ಬಿಟ್ಟರು. ಆ ನಕಲನ್ನು ಇನ್ಯಾರೋ ಕುಗ್ಗುವ ಬಟ್ಟೆಗೆ ಬಳಸಿದರು. ಒಗೆದು ಬಂದ ಪ್ಯಾಂಟೊಂದನ್ನು, ಕಾರ್ಖಾನೆ ನಡೆಸುತ್ತಿದ್ದ ಅಣ್ಣತಮ್ಮಂದಿರಲ್ಲಿ ಹಿರಿಯರಾದ ದೊಡ್ಡ ಸಾವುಕಾರರು ಎರಡು ಬೆರಳಿನಲ್ಲಿ ಎತ್ತಿ ಹಿಡಿದರು.

“ಇದು ಯಾರಿಗ್ಲೇ ಹೊಲಿದಿದ್ದು? ಅಂಗನವಾಡಿಗೇನು?”

ಮಾಸ್ತರರು ಬಟ್ಟೆಯನ್ನು ಉಜ್ಜಿ ನೋಡಿ, “ಬಟ್ಟೀನ ಸರಿ ಇಲ್ಲ” ಅಂದರು.

ಗುರುತು ಉಳಿಯುವುದು ಒಂದು, ಗುರುತು ಹೇಳುವುದು ನಿಜವಾಗಿ ಉಳಿಯುವುದು ಇನ್ನೊಂದು. ಹೊಸಬರು ಇದನ್ನು ಒಂದು ಲಾಟು ಬಟ್ಟೆ ಹಾಳುಮಾಡಿಯೇ ಕಲಿಯುತ್ತಾರೆ.

ಆಮೇಲೆ ಮಾಸ್ತರರು ತೀರಿಕೊಂಡರು. ಅದಾಗಿ ಸ್ವಲ್ಪ ದಿನಕ್ಕೆ ಸಾವುಕಾರ ಅಣ್ಣತಮ್ಮಂದಿರು ಬೇರೆಯಾದರು. ಹೊಲಿಗೆ ಮಷಿನುಗಳನ್ನು ಹಂಚಿಕೊಂಡರು, ಗಿರಾಕಿಗಳನ್ನು ಹಂಚಿಕೊಂಡರು. ರಟ್ಟು ಯಾರಿಗೂ ಬೇಡವಾಗಿ ಗುಜರಿಗೆ ಹೋಯಿತು. ಕೊನೆಗೆ ಕಂಪ್ಯೂಟರಿನ ಮುಂದೆ ಬಂದು ನಿಂತರು.

“ಅವಗ ಅರ್ಧ ಕೊಡ್ರಿ, ನನಗ ಅರ್ಧ” ಎಂದರು ದೊಡ್ಡವರು.

“ಅರ್ಧ ಯಾಕ್ರಿ, ಇಬ್ಬರಿಗೂ ಪೂರ್ತಿ ಬರ್ತಾವು” ಎಂದೆ.

ಸಣ್ಣವರಿಗೆ ಅನುಮಾನ. “ಹಂಗಾದ್ರ ಅಸಲು ಯಾರಿಗಕ್ಕ?”

“ಎರಡೂ ಅಸಲು.”

“ಎರಡೂ ಅಸಲಂದ್ರ ಎಲ್ಲೋ ಮೋಸ ಐತಿ.”

ಅವರನ್ನು ನೋಡಿ ಆಗ ನಕ್ಕಿದ್ದೆ. ಈಗ ಯೋಚಿಸಿದರೆ ಅವರು ಆಶ್ಚರ್ಯಪಟ್ಟದ್ದೇ ಸರಿ, ಅಭ್ಯಾಸವಾಗಿ ಹೋಗಿದ್ದ ನಾನೇ ಕುರುಡಿ. ಒಂದು ವಸ್ತುವನ್ನು ಇಬ್ಬರಿಗೆ ಕೊಟ್ಟರೂ ಇಬ್ಬರ ಹತ್ತಿರವೂ ಪೂರ್ತಿ ಇರುವುದು ಲೋಕದಲ್ಲಿ ಬೇರೆ ಎಲ್ಲಿದೆ?

ಸಣ್ಣ ಸಾವುಕಾರರು ಕುರುಗೋಡಿನಲ್ಲಿ ಶೆಡ್ ಹಾಕಿದರು, ನಾನೂ ಅವರ ಜೊತೆ ಹೋದೆ. ಅವರು ಮಾಡಿಸಿದ ಮೊದಲ ಕೆಲಸ ಎಂದರೆ ಒಂದೊಂದು ಫೈಲಿನ ಹೆಸರನ್ನೂ ತೆಗೆದುಹಾಕಿ ತಮ್ಮ ಬ್ರಾಂಡಿನ ಹೆಸರು ಮತ್ತು ಒಂದು ನಂಬರು ಕೊಡಿಸಿದ್ದು. ಫೋಲ್ಡರುಗಳನ್ನೂ ಒಡೆದು ಎಲ್ಲವನ್ನೂ ಒಂದೇ ರಾಶಿ ಮಾಡಿಸಿದರು. “ಅಣ್ಣನ ವಾಸನಿ ಬರಬಾರದು.” ಬಳ್ಳಾರಿಯಲ್ಲಿ ದೊಡ್ಡವರು ಇದರ ಉಲ್ಟಾ ಮಾಡಿದರು. ಹೆಸರನ್ನೆಲ್ಲ ಇಟ್ಟುಕೊಂಡು, ಮಾರಾಟಕ್ಕಿಲ್ಲದ ಫೈಲುಗಳನ್ನು ಅಳಿಸಿಹಾಕಿಸಿದರು. ಒಬ್ಬನ ಪ್ಯಾಂಟಿಗಾಗಿ ಒಂದು ಫೈಲು ಯಾರಿಗೆ ಬೇಕು?

ನಾನು ನಿವೃತ್ತಳಾದೆ. ನನ್ನ ಜಾಗಕ್ಕೆ ನಾಗವೇಣಿ ಬಂದಳು. ಕುರುಗೋಡಿನವಳೇ, ಎರಡು ಮಕ್ಕಳ ತಾಯಿ, ಮಾತಿಗಿಂತ ಕೈ ಜೋರು.

ವೀರೇಶ ನಮ್ಮ ಮನೆಗೆ ಬಂದದ್ದು ಆಗ. ಕೈಯಲ್ಲಿ ಚೀಲ, ಚೀಲದಲ್ಲಿ ಮಾಸ್ತರರು ಹೊಲಿದ ಪ್ಯಾಂಟು, ತೇಪೆಯ ಮೇಲೆ ತೇಪೆ.

“ಅಮ್ಮಾರ, ಇದೊಂದ ಉಳಿದೈತ್ರಿ. ಬ್ಯಾರೆ ಹಾಕ್ಕಂಡ್ರ ತೊಡಿ ಹರದು ಹೋಗ್ತೈತಿ. ಡಾಕ್ಟರು ಈ ಸಲ ಹೇಳಿಬಿಟ್ಟಾರ, ಗಾಯ ಮಾಯದಿದ್ರ ಕ್ಯಾಲಿಪರ್ ಬಿಚ್ಚಿಡು ಅಂತ. ಬಿಚ್ಚಿಟ್ರ ನಾನು ತೂಕದ ಮುಂದ ನಿಲ್ಲೋದು ಹ್ಯಾಂಗ್ರಿ? ಗಿರಣಿಯಾಗ ಕುಂತ್ರ ಯಾರು ಇಟ್ಕಂತಾರ?”

ಆ ಪ್ಯಾಂಟನ್ನು ಬಿಚ್ಚಿ ಅಳತೆ ತೆಗೆಯಬಹುದಲ್ಲ ಎಂದು ನಿಮಗನ್ನಿಸಬಹುದು. ಒಗೆದು ಒಗೆದು ಅದು ಒಂದು ಕಡೆ ಕುಗ್ಗಿತ್ತು, ಒಂದು ಕಡೆ ಜೋತುಬಿದ್ದಿತ್ತು. ಅದರಿಂದ ಗೆರೆ ಎಳೆದರೆ ಸಿಗುವುದು ಸವೆತದ ಅಳತೆ, ಮಾಸ್ತರರ ಅಳತೆಯಲ್ಲ.

ಬಳ್ಳಾರಿಯ ಕಾರ್ಖಾನೆಗೆ ಫೋನು ಮಾಡಿದೆ. ಆ ಫೈಲು ಅಳಿಸಿದ್ದರು. ಇನ್ನು ಉಳಿದದ್ದು ಕುರುಗೋಡಿನ ರಾಶಿ. ಬಸ್ಸು ಹತ್ತಿದೆ.

ನಾಗವೇಣಿ ವಿವರದೊಳಗೆ ‘ಕ್ಯಾಲಿಪರ್’ ಎಂದು ಹುಡುಕಿದಳು. ನಂಬರಿನ ಹೆಸರು ಹೊತ್ತ ಫೈಲುಗಳು ಸಾಲುಸಾಲಾಗಿ ಬಂದವು. ನನ್ನ ಕೈ ಬರೆದ ಆ ಎರಡು ಮಾತು, ಹೆಸರು ಹೋಗಿ, ಫೋಲ್ಡರು ಹೋಗಿ, ಮನೆತನವೇ ಒಡೆದ ಮೇಲೂ, ಒಳಗೆ ಕೂತಿತ್ತು. ನಾನು ಕುರ್ಚಿ ಎಳೆದುಕೊಂಡು ಪರದೆಗೆ ಹತ್ತಿರವಾದೆ. ನಾಗವೇಣಿಗೆ ಮಾತ್ರ ಬೇರೆ ಚಿಂತೆ.

“ಅಕ್ಕಾ, ಇಷ್ಟು ಮಂದಿ ಕ್ಯಾಲಿಪರಿನವರು ಇದ್ರಾ?”

ಇರಲಿಲ್ಲ. ಮಾಸ್ತರರು ಮಾಡಿದ ಹಿಂಭಾಗದ ಆಕಾರ ಚೆನ್ನಾಗಿದೆ ಎಂದು ಆ ಫೈಲನ್ನೇ ನಕಲು ಮಾಡಿ ಎಷ್ಟೋ ಸಾಮಾನ್ಯ ಪ್ಯಾಂಟು ಎಬ್ಬಿಸಿದ್ದರು. ಎಲ್ಲದರ ಹೊಟ್ಟೆಯಲ್ಲೂ ‘ಕ್ಯಾಲಿಪರ್, ರಾರಾವಿ’.

ಆಗ ನಾಗವೇಣಿ ನನಗೆ ಗೊತ್ತಿಲ್ಲದ ಒಂದು ವಿದ್ಯೆ ತೋರಿಸಿದಳು. ಫೈಲಿನ ಒಳಗಿರುವುದನ್ನೆಲ್ಲ ಕಂಪ್ಯೂಟರ್ ಓದಿ, ಅದರಿಂದ ಒಂದು ಉದ್ದನೆಯ ಅಕ್ಷರಮಾಲೆ ಕಟ್ಟುತ್ತದೆ. ಬೆರಳಚ್ಚು ಎಂದುಕೊಳ್ಳಿ. ಫೈಲಿನ ಹೆಸರು ಬದಲಿಸಿದಳು, ಬೆರಳಚ್ಚು ಅದೇ. ಬೇರೆ ಡಿಸ್ಕಿಗೆ ಹಾಕಿದಳು, ಅದೇ. ನಕಲು ತೆಗೆದಳು, ನಕಲಿನದೂ ಅದೇ.

“ಈಗ ನೋಡ್ರಿ” ಎಂದು ನಕಲಿನ ಸೊಂಟದ ಗೆರೆಯಲ್ಲಿ ಒಂದು ಬಿಂದುವನ್ನು ಕೂದಲೆಳೆಯಷ್ಟು ಸರಿಸಿ ಉಳಿಸಿದಳು. ಇಡೀ ಅಕ್ಷರಮಾಲೆ ಮೊದಲಿನ ಗುರುತೇ ಸಿಗದ ಹಾಗೆ ಬದಲಾಗಿಹೋಯಿತು.

ನಾನು ಮತ್ತೆ ಮಾಡಿಸಿದೆ. ಮತ್ತೊಮ್ಮೆ ಮಾಡಿಸಿದೆ. ಎಷ್ಟು ಕಾಲದಿಂದ ನಾನು ಹೊರಗಿನಿಂದ ಹಚ್ಚುತ್ತಿದ್ದೆ, ಬರೆಯುತ್ತಿದ್ದೆ. ವಸ್ತುವೇ ತನ್ನ ಗುರುತನ್ನು ತಾನೇ ಹೇಳುತ್ತದೆ, ಕೇಳಬೇಕಷ್ಟೇ ಎಂದು ತಿಳಿದಿರಲಿಲ್ಲ. ಈ ಬೆರಳಚ್ಚಿಗೆ ಟ್ಯಾಗ್ ಕಟ್ಟಿಟ್ಟರೆ ಫೈಲು ಯಾವ ಹೆಸರಿನಲ್ಲಿ ಎಲ್ಲಿ ಅಡಗಿದರೂ ಹಿಡಿದು ತರಬಹುದು. ತಿದ್ದಿದರೆ ಮಾತ್ರ ಕೈಬಿಡುತ್ತದೆ. ಒಳಗೆ ಬರೆದ ಟ್ಯಾಗು ತಿದ್ದಿದ ಮೇಲೂ ಅಂಟಿಕೊಂಡಿರುತ್ತದೆ, ಸುಳ್ಳಾದರೂ ಸರಿ. ನನ್ನ ನೆನಪು ಈ ಎರಡರಲ್ಲಿ ಯಾವ ಜಾತಿಯದು ಎಂದು ಆ ಕುರ್ಚಿಯಲ್ಲಿ ಕೂತೇ ಕೇಳಿಕೊಂಡೆ. ವೀರೇಶನ ಬಲಗಾಲು ನೆನಪಾಯಿತು.

ಬೆರಳಚ್ಚು ಒಂದೇ ಆಗಿದ್ದವನ್ನೆಲ್ಲ ಒಂದಾಗಿಸಿದ ಮೇಲೆ ಸಾಲು ಕರಗಿ ಕೆಲವೇ ಉಳಿದವು. ತೆರೆದು ನೋಡಿದೆವು. ಎರಡು ಕಾಲೂ ಒಂದೇ ಆಕಾರದವನ್ನು ಬದಿಗಿಟ್ಟೆವು. ಎಡಗಾಲು ಬೇರೆ ಇದ್ದದ್ದು ಒಂದೇ ಒಂದು.

“ಸಿಕ್ಕಿತ್ರಿ!” ಎಂದಳು ನಾಗವೇಣಿ.

ಕತ್ತರಿಸಿದೆವು, ಹೊಲಿಸಿದೆವು. ಸಣ್ಣ ಸಾವುಕಾರರು ಬಾಗಿಲಲ್ಲಿ ನಿಂತು, “ಒಂದು ಪ್ಯಾಂಟಿಗೆ ಇಷ್ಟು ಮಂದೀನಾ? ಮದುವಿಗಾದ್ರೂ ಇಷ್ಟು ಮಂದಿ ಸೇರಂಗಿಲ್ಲ” ಎಂದು ಗೊಣಗಿದರು, ಹೋಗಲಿಲ್ಲ. ವೀರೇಶ ಹಾಕಿಕೊಂಡು ಬಂದು ಸ್ಟೂಲಿನ ಮೇಲೆ ಕೂತ. ಕೂತವನು ಹಲ್ಲು ಕಚ್ಚಿ ಎದ್ದ.

“ಒತ್ತತೈತ್ರಿ.”

ಫೈಲು ಸರಿಯಾಗಿತ್ತು, ಕಾಲು ಅದೇ ಉಳಿದಿರಲಿಲ್ಲ. ವಯಸ್ಸಾಗಿ ತೊಡೆ ಬದಲಾಗಿತ್ತು, ಕ್ಯಾಲಿಪರೂ ಹೊಸದಾಗಿತ್ತು. ಎಲ್ಲಿ ಎಷ್ಟು ಬಿಡಬೇಕು ಎಂದು ಹೇಳುವ ಕೈ ಮಣ್ಣಿನಲ್ಲಿತ್ತು. ನಾನು ಊಹೆಯಿಂದ ತಿದ್ದಬಹುದಿತ್ತು. ತಪ್ಪಿದರೆ ಅವನ ಗಾಯದ ಮೇಲೆ ನನ್ನ ಊಹೆ. ಅವನು ಹಳೆಯ ಪ್ಯಾಂಟನ್ನೇ ಮತ್ತೆ ಹಾಕಿಕೊಂಡು, ಗೋಡೆ ಹಿಡಿದು ನಿಂತ.

ನೀರು ಕುಡಿಯಲೆಂದು ನಾನು ಕಟಿಂಗ್ ಶೆಡ್ಡಿಗೆ ಹೋದೆ. ಟೇಬಲ್ಲಿನ ಮೇಲೆ ಬೇರೆ ಯಾವುದೋ ಆರ್ಡರಿನ ಬಟ್ಟೆ, ಕತ್ತರಿಸಿದ ತುಂಡುಗಳ ದಪ್ಪ ಗಂಟು. ಅದರ ಅಂಚಿನಲ್ಲಿ ಪಕ್ಕಪಕ್ಕದಲ್ಲಿ ಎರಡು ಕಚ್ಚು. ಎರಡನೆಯದು ಓರೆ.

ಕತ್ತರಿಸುತ್ತಿದ್ದವನನ್ನು ಕೇಳಿದೆ. “ಇಲ್ಲಿ ಯಾಕಪ್ಪ ಕಚ್ಚು ಹಾಕೀ?”

“ಕಂಪ್ಯೂಟರ್ ಕೊಟ್ಟೈತಲ್ರಕ್ಕ, ಅದಕ್ಕ.”

“ಹೊಲಿಯೋರಿಗೆ ಬೇಕೇನು?”

“ಅವರೂ ಕೇಳ್ತಾರ ಯಾಕ ಅಂತ.”

ನಾನು ಆ ಗಂಟಿನ ಮೇಲೆ ಕೈ ಇಟ್ಟು ನಿಂತೆ. ಮಾಸ್ತರರ ಸಹಿ ರಟ್ಟಿನಿಂದ ಪರದೆಗೆ, ಪರದೆಯಿಂದ ಫೈಲಿಗೆ, ಫೈಲಿನಿಂದ ಫೈಲಿಗೆ ನಡೆದು, ಮತ್ತೆ ಬಟ್ಟೆಗೆ ಇಳಿದಿತ್ತು. ಹೊಲಿಗೆಯ ಒಳಗೆ ಮುಚ್ಚಿಕೊಂಡು ಅದು ಯಾವ ಊರುಗಳಲ್ಲಿ ಯಾರ ಮೈಮೇಲೆ ಓಡಾಡುತ್ತಿದೆಯೋ. ಯಾರಿಗೂ ಗೊತ್ತಿಲ್ಲದೆ, ಯಾರೂ ಕಾಪಾಡದೆ.

ಕೂಡಲೇ ಇನ್ನೊಂದು ಹೊಳೆಯಿತು. ಫೈಲನ್ನು ನಕಲು ಮಾಡಿದರೆ ‘ವಿವರ’ ಜೊತೆಗೆ ಹೋಗುತ್ತದೆ. ಆದರೆ ಯಾರಾದರೂ ಹೊಸ ಫೈಲು ತೆರೆದು ಅದಕ್ಕೆ ತುಂಡುಗಳನ್ನು ಮಾತ್ರ ಎತ್ತಿ ತಂದಿದ್ದರೆ? ವಿವರ ಹಿಂದೆ ಉಳಿಯುತ್ತದೆ, ವೀರೇಶನ ರಟ್ಟನ್ನೇ ಯಾರೋ ಹಾಗೆ ತಿದ್ದಿಟ್ಟಿದ್ದರೂ ಅದು ನಮ್ಮ ಹುಡುಕಾಟಕ್ಕೆ ಸಿಕ್ಕಿರುವುದಿಲ್ಲ. ಕಚ್ಚು ತುಂಡಿನ ಮೈಯಲ್ಲಿದೆ, ಅದು ಬರುತ್ತದೆ.

“ನಾಗವೇಣಿ, ಬರಹ ಹುಡುಕೋದು ಬ್ಯಾಡ. ಚಿತ್ರ ನೋಡೋಣು.”

ಫೈಲುಗಳ ಸಣ್ಣ ಚಿತ್ರಗಳನ್ನು ಪರದೆಯ ತುಂಬ ಹರಡಿ ಕೂತೆವು. ಆವತ್ತು ಮುಗಿಯಲಿಲ್ಲ. ವೀರೇಶನನ್ನು ಊರಿಗೆ ಕಳಿಸಿದೆವು. ನಾನು ಮರುದಿನ ಹೋದೆ, ಅದರ ಮರುದಿನವೂ. ಕಣ್ಣು ಉರಿಯುತ್ತಿತ್ತು. ಅನುಮಾನ ಬಂದದ್ದನ್ನು ದೊಡ್ಡದು ಮಾಡಿ ಅಂಚು ನೋಡುವುದು, ಮುಚ್ಚುವುದು. ಕೊನೆಗೆ ನಾಗವೇಣಿಯ ಬೆರಳು ನಿಂತಿತು. ನಂಬರಿನ ಹೆಸರು, ಖಾಲಿ ವಿವರ. ಹಿಂಭಾಗದಲ್ಲಿ ಓರೆ ಕಚ್ಚು. ಎಡಗಾಲು ಬೇರೆ.

ಮೊದಲಿನ ಫೈಲಿನ ಮೇಲೆ ಇದನ್ನು ಹೊದಿಸಿ ನೋಡಿದೆವು. ಎಲ್ಲ ಗೆರೆಯೂ ಒಂದರ ಮೇಲೊಂದು ಕೂತಿತು, ಒಂದನ್ನು ಬಿಟ್ಟು. ಎಡ ತೊಡೆಯ ಒಳಗಿನ ಹೊಲಿಗೆಯನ್ನು ಯಾರೋ ಹೆಬ್ಬೆರಳಗಲ ಮುಂದಕ್ಕೆ ತಂದು, ಬಳೆ ಕೂರುವ ಕಡೆ ಸ್ವಲ್ಪ ಸಡಿಲ ಬಿಟ್ಟಿದ್ದರು. ಮೊನ್ನೆ ಅವನು ಹಲ್ಲು ಕಚ್ಚಿದ ಜಾಗ ಸರಿಯಾಗಿ ಅದೇ.

ಆ ಫೈಲಿನಿಂದ ಹೊಸ ಪ್ಯಾಂಟು ಹೊಲಿಸಿ, ವೀರೇಶನನ್ನು ಮತ್ತೆ ಕರೆಸಿದೆವು. ಈ ಸಲ ಸಣ್ಣ ಸಾವುಕಾರರೇ ಸ್ಟೂಲು ಎಳೆದು ಹಾಕಿದರು. “ಕುಂದ್ರಪ್ಪ. ಮೆಲ್ಲಕ.”

ಕೂತ. ಎದ್ದ. ಮತ್ತೆ ಕೂತು, ಒಂದಿಷ್ಟು ಹೊತ್ತು ಹಾಗೇ ಇದ್ದು, ಎಡಗಾಲನ್ನು ಅತ್ತಿತ್ತ ಸರಿಸಿದ. ನಾವು ಅವನ ಮುಖ ನೋಡುತ್ತಿದ್ದೆವು, ಅವನು ತೊಡೆ ನೋಡಿಕೊಳ್ಳುತ್ತಿದ್ದ.

“ತಾಕಂಗಿಲ್ರಿ” ಎಂದ. ಆಮೇಲೆ ನಂಬಿಕೆ ಬಾರದವನ ಹಾಗೆ, “ಎಲ್ಲೂ ತಾಕಂಗಿಲ್ರಿ ಅಮ್ಮಾರ.”

ಗಾಯ ಮಾಯಿತು ಎಂದು ಆಮೇಲೆ ಫೋನು ಮಾಡಿ ಹೇಳಿದ. ಗಿರಣಿಯಲ್ಲಿ ತೂಕದ ಮುಂದೆಯೇ ನಿಂತಿದ್ದಾನೆ.

ಆ ಗೆರೆಯನ್ನು ಸರಿಸಿದವರು ಯಾರು ಎಂದು ವೀರೇಶನನ್ನು ಕೇಳಿದೆ. ಮೊದಲ ಸಲದ ಪ್ಯಾಂಟುಗಳನ್ನು ಒಯ್ದ ಮೇಲೆ ತಾನು ಕಾರ್ಖಾನೆಗೆ ಬಂದೇ ಇಲ್ಲ ಎಂದ. ಮಾಸ್ತರರು ಮೌಸು ಮುಟ್ಟಿದವರಲ್ಲ. ನಾಗವೇಣಿ ಬರುವ ಮುಂಚಿನ ಕೆಲಸ ಅದು. ತಾರೀಖು ನೋಡೋಣವೆಂದರೆ, ಬಳ್ಳಾರಿಯ ಆ ಹಳೆಯ ಕಂಪ್ಯೂಟರಿನ ಗಡಿಯಾರ ಎಂದೋ ಕೆಟ್ಟಿತ್ತು. ಅದರಲ್ಲಿ ಉಳಿಸಿದ ಎಲ್ಲಕ್ಕೂ ಕಾರ್ಖಾನೆ ಹುಟ್ಟುವ ಮುಂಚಿನ ತಾರೀಖು. ಮಾಸ್ತರರು ನನ್ನ ಬೆನ್ನ ಹಿಂದೆ ನಿಂತು, ‘ಅವನಿಗೆ ವಯಸ್ಸಾಗ್ತೈತಿ, ಇಲ್ಲಿ ಇಷ್ಟು ಬಿಡು ಬೇಟಿ’ ಎಂದು ಹೇಳಿ ನನ್ನಿಂದಲೇ ಮಾಡಿಸಿದ್ದರು ಎಂದು ಬರೆದರೆ ಚೆನ್ನಾಗಿರುತ್ತದೆ. ಅವರ ದನಿಯೂ ಕೇಳಿಸುತ್ತದೆ. ಆದರೆ ಬಲಗಾಲನ್ನು ಅಷ್ಟು ಸ್ಪಷ್ಟವಾಗಿ ತೋರಿಸಿದ ಕಣ್ಣೂ ನನ್ನದೇ.

ಫೈಲನ್ನು ಎತ್ತಿಡುವಾಗ ನಾಗವೇಣಿ ಅದರ ಬೆರಳಚ್ಚು ತೆಗೆದು, ಒಳಗೂ ವಿವರ ಬರೆದಳು. ಕ್ಯಾಲಿಪರ್, ಎಡಗಾಲು, ರಾರಾವಿ ವೀರೇಶ. “ಮಾಡಿದೋರು ಯಾರಂತ ಬರೀಲಿ ಅಕ್ಕಾ?” ಎಂದು ನನ್ನ ಮುಖ ನೋಡಿದಳು.

ಆ ಜಾಗ ಖಾಲಿ ಇದೆ. ನನಗೆ ಗೊತ್ತಿಲ್ಲ.